ಪೆಟ್ಟಿಗೆ ರಾಘಣ್ಣನ ಮನೆಯ ಸೀತನಿ

ರೋಣದಲ್ಲಿ ರಾಘಣ್ಣನ ಫೋನು ಬಂತೆಂದರೆ ಜನರ ಎದೆ ಧಸಕ್ಕೆನ್ನುತ್ತದೆ. ಅವನೇನು ಜಗಳಗಂಟನಲ್ಲ, ಚಾಡಿಕೋರನೂ ಅಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ, ಅರವತ್ತರ ಹತ್ತಿರದ, ಮೆತ್ತನ್ನ ಮಾತಿನ ಮನುಷ್ಯ. ಆದರೆ ಹೆಣ ಕೆಡದಂತೆ ಇಡುವ ತಂಪು ಪೆಟ್ಟಿಗೆ ಇರುವುದು ಅವನ ಮನೆಯ ಪಡಸಾಲೆಯಲ್ಲಿ. ಹಾಗಾಗಿ ಊರಿನ ಮೊಬೈಲುಗಳಲ್ಲೆಲ್ಲ ಅವನು ‘ಪೆಟ್ಟಿಗಿ ರಾಘಣ್ಣ’.

ಪೆಟ್ಟಿಗೆ ಅವನದಲ್ಲ, ‘ಗೆಳೆಯರ ಸೇವಾ ಬಳಗ’ದ್ದು. ಊರವರು ಅದಕ್ಕೆ ಕ್ಲಬ್ ಅನ್ನುತ್ತಾರೆ. ಕಣ್ಣು ತಪಾಸಣೆಯ ಶಿಬಿರ, ಸಾಲೆಯ ಮಕ್ಕಳಿಗೆ ನೋಟುಬುಕ್ಕು, ಬೇಸಿಗೆ ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಅರವಟ್ಟಿಗೆ, ಹೀಗೆ ಒಳ್ಳೆಯ ಕೆಲಸಗಳನ್ನು ಫೋಟೋ ಸಮೇತ ಮಾಡುವ ಬಳಗ. ನಾಲ್ಕು ವರ್ಷದ ಹಿಂದೆ, ಬಿರುಬೇಸಿಗೆಯಲ್ಲಿ, ಮುದುಕಿಯೊಬ್ಬಳು ತೀರಿಕೊಂಡಳು. ಪುಣೆಯಿಂದ ಮಗಳು ಬಂದು ಮುಟ್ಟುವಷ್ಟರಲ್ಲಿ ಆಕೆಯ ಮುಖ ನೋಡುವ ಹಾಗಿರಲಿಲ್ಲ. ಆ ಮಗಳು ಅತ್ತದ್ದನ್ನು ಕಂಡು ಸದಸ್ಯರ ಕರುಳು ಚುರುಕ್ಕೆಂದಿತು, ಪೆಟ್ಟಿಗೆ ಬಂತು. ತರಿಸುವಾಗ ಎಲ್ಲರೂ ನಾ ಮುಂದೆ ತಾ ಮುಂದೆ. ಇಡುವುದೆಲ್ಲಿ ಎಂದ ಕೂಡಲೇ ಒಬ್ಬೊಬ್ಬರೂ ಛಾವಣಿ ನೋಡತೊಡಗಿದರು. ಅಧ್ಯಕ್ಷ ಕೊಟ್ರೇಶನ ಗೋದಾಮಿನಲ್ಲಿ ಬಿತ್ತನೆಯ ಬೀಜ ಇದ್ದವು, ಬೀಜದ ಮಗ್ಗುಲಲ್ಲಿ ಅಂಥದ್ದು ಇಡಬಾರದಂತೆ. ಒಬ್ಬರ ಸೊಸೆ ಬಸುರಿ, ಇನ್ನೊಬ್ಬರದು ಆಗಷ್ಟೇ ವಾಸ್ತುಶಾಂತಿಯಾದ ಮನೆ. ಕಡೆಗೆ ರಾಘಣ್ಣ, “ನಮ್ಮನ್ಯಾಗ ಇರ್ಲಿ ಬಿಡ್ರಿ. ನಾ ಒಬ್ಬಾವ ಅದೀನಿ, ಯಾರಿಗೇನು ತ್ರಾಸ?” ಅಂದ. ಚಪ್ಪಾಳೆಯೋ ಚಪ್ಪಾಳೆ! ಅಲ್ಲಿಯೇ ಶಾಲು ಹೊದಿಸಿಬಿಟ್ಟರು. ಇನ್ನು ಮೇಲೆ ತನ್ನ ಮನೆಯಲ್ಲಿ ಯಾರೂ ಕೂತು ಚಹಾ ಕುಡಿಯುವುದಿಲ್ಲ ಎಂಬುದು ಆ ಹೊತ್ತಿನಲ್ಲಿ ಅವನ ತಲೆಗೆ ಹೊಳೆಯಲಿಲ್ಲ.

ಅವನು ಕ್ಲಬ್ಬು ಸೇರಿದ್ದೇ ಮನುಷ್ಯರ ಸಲುವಾಗಿ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಮನೆಯಲ್ಲಿ ಒಬ್ಬನೇ ರೊಟ್ಟಿ ಮುರಿಯುತ್ತ ಕೂತಿದ್ದವನನ್ನು ಗಾದಿ ಅಂಗಡಿಯ ಉಸ್ಮಾನಸಾಬ ಕೈಹಿಡಿದು ಎಳೆದೊಯ್ದಿದ್ದ. ಕ್ಲಬ್ಬಿನಲ್ಲಿ ‘ಮನಿ ಮಿಲನ’ ಅಂತ ಒಂದು ಪದ್ಧತಿ. ತಿಂಗಳಿಗೊಮ್ಮೆ ಪಾಳಿಯ ಪ್ರಕಾರ ಒಬ್ಬ ಸದಸ್ಯನ ಮನೆಯಲ್ಲಿ ಎಲ್ಲರೂ ಹೆಂಡತಿ ಮಕ್ಕಳೊಂದಿಗೆ ಸೇರಿ ಉಣ್ಣಬೇಕು. ರಾಘಣ್ಣನಿಗೆ ಇಡೀ ಕ್ಲಬ್ಬಿನಲ್ಲಿ ಮನಸ್ಸಿಗೆ ಬಂದದ್ದು ಇದೊಂದೇ. ಮಕ್ಕಳ ಗದ್ದಲ, ಒಳಗಿಂದ ಬರುವ ಒಗ್ಗರಣೆಯ ಘಾಟು, ‘ಇನ್ನೊಂದ್ ಹಾಕ್ಸಕೋರಿ’ ಎನ್ನುವ ಒತ್ತಾಯ. ಉಂಡು ಬಂದ ರಾತ್ರಿ ಅವನಿಗೆ ನಿದ್ದೆ ಚೆನ್ನಾಗಿ ಹತ್ತುತ್ತಿತ್ತು.

ಆದರೆ ಪೆಟ್ಟಿಗೆ ಬಂದ ಮೇಲೆ ಅವನ ಪಾಳಿ ಬಂದಾಗಲೆಲ್ಲ ಪಾಳಿಯೇ ಅವನನ್ನು ದಾಟಿ ಮುಂದೆ ಹೋಗುತ್ತಿತ್ತು. “ಒಬ್ರ ಅದೀರಿ, ಯಾಕ್ ಸುಮ್ನ ಒದ್ದಾಡ್ತೀರಿ?” ಎಂದು ಕೊಟ್ರೇಶ ಪ್ರೀತಿಯಿಂದಲೇ ಅನ್ನುತ್ತಿದ್ದ. ಪ್ರೀತಿಯಿಂದ ಹೇಳಿದ್ದನ್ನು ಜಗಳ ಮಾಡಿ ತಿರುಗಿಸುವುದು ಹೇಗೆ? ಪಕ್ಕದ ಮನೆಯ ವೆಂಕೂಬಾಯಿ ಮೊದಲೆಲ್ಲ ಹಬ್ಬಕ್ಕೊಮ್ಮೆ ಗೋಡೆಯ ಮೇಲಿಂದ ಶೇಂಗಾ ಹೋಳಿಗೆಯ ತಾಟು ದಾಟಿಸುತ್ತಿದ್ದಳು. ಮಡಿಯ ಹೆಣ್ಣುಮಗಳು, ಪೆಟ್ಟಿಗೆ ಕಂಡಂದಿನಿಂದ ಆ ಗೋಡೆಯ ಕಡೆ ಮುಖ ಹಾಕಲಿಲ್ಲ. ಆಕೆಯ ಮಗ ಶ್ರೀಕೃಷ್ಣ ಕ್ಲಬ್ಬಿನ ಸದಸ್ಯನೇ. ಅವನೂ ಬಾಗಿಲಲ್ಲೇ ನಿಂತು ಮಾತಾಡಿ ಹೋಗುವವ. ರಾಘಣ್ಣನ ಹೊಸ್ತಿಲು ದಾಟಿ ಒಳಗೆ ಬರುತ್ತಿದ್ದವರು ಪೆಟ್ಟಿಗೆ ಎತ್ತುವವರು ಮಾತ್ರ.

ಈ ಮಾಘಮಾಸದಲ್ಲಿ ಅವನು ಹಟ ಹಿಡಿದ. ಸಭೆಯಲ್ಲಿ ಎದ್ದು ನಿಂತು, “ಈ ಸಲದ ಮಿಲನ ನಮ್ಮನ್ಯಾಗ. ಪಾಳಿ ನಂದೈತಿ,” ಅಂದ. ಅವತ್ತು ಬಂದವರೇ ನಾಲ್ಕೈದು ಮಂದಿ. ಕೊಟ್ರೇಶ ಮೊಬೈಲಿನಿಂದ ತಲೆ ಎತ್ತದೆ, “ಆತು ಬಿಡ್ರಿ, ದಿನಾ ಗೊತ್ತಾದ್ ಮ್ಯಾಲೆ ಗ್ರೂಪಿಗೆ ಹಾಕ್ರಿ,” ಅಂದ.

ಅಷ್ಟು ಸಾಕಾಯಿತು. ರಾಘಣ್ಣ ಪಡಸಾಲೆಗೆ ಸುಣ್ಣ ಬಳಿದ, ಅಟ್ಟದ ಮೇಲಿನ ಜಮಖಾನ ಇಳಿಸಿ ಝಾಡಿಸಿದ. ಏನು ಮಾಡಿಸುವುದೆಂದು ವಿಚಾರ ಮಾಡಿ ಮಾಡಿ ಕಡೆಗೆ ಸೀತನಿ ಎಂದು ಗಟ್ಟಿ ಮಾಡಿದ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ, ಮೊರದಲ್ಲಿ ಹಾರಿಸಿ, ಬಿಸಿ ಇರುವಾಗಲೇ ಬೆಲ್ಲ, ಕೊಬ್ಬರಿ, ಶೇಂಗಾ ಚಟ್ನಿಯ ಜೊತೆ ಮುಕ್ಕಬೇಕು. ಆರಿದರೆ ರುಚಿ ಕೆಟ್ಟಿತು. ಒಬ್ಬ ಸುಡಬೇಕು, ಒಬ್ಬ ತಿಕ್ಕಬೇಕು, ಉಳಿದವರು ಸುತ್ತ ಕೂತು ಅಂಗೈ ಒಡ್ಡಬೇಕು. ಮಂದಿ ಇಲ್ಲದೆ ಸೀತನಿ ಇಲ್ಲ. ಅವನ ಹಿತ್ತಲಲ್ಲಿ ಹೆಂಡತಿ ಹೋದ ಮೇಲೆ ಅದು ಆಗಿರಲಿಲ್ಲ.

ಅಬ್ಬಿಗೇರಿಯ ಗಿರಾಕಿಯೊಬ್ಬ ತನ್ನ ಹೊಲದ ತೆನೆ ಹದಕ್ಕೆ ಬಂದಿದೆ, ರವಿವಾರ ಮುಂಜಾನೆ ಕೊಯ್ದು ಕಳಿಸುತ್ತೇನೆ ಎಂದು ಶನಿವಾರ ಸಂಜೆ ತಿಳಿಸಿದ. ರಾಘಣ್ಣ ಕೂಡಲೇ ಕನ್ನಡಕ ಹಾಕಿಕೊಂಡು ಗ್ರೂಪಿಗೆ ಬರೆದ: ‘ನಾಳೆ ರವಿವಾರ ಸಂಜೆ ಐದಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ಸೇರುವುದು. ದಯವಿಟ್ಟು ತಪ್ಪದೆ ಸಕುಟುಂಬ ಬರಬೇಕು. ರಾಘಣ್ಣ.’ ಸೀತನಿಯ ಮಾತು ಎತ್ತಲಿಲ್ಲ. ಬಂದವರು ಹೊಗೆಯ ವಾಸನೆ ಹಿಡಿದು ತಾವೇ ಹಿತ್ತಲಿಗೆ ನುಗ್ಗಬೇಕು, ಮಕ್ಕಳು ಕುಣಿಯಬೇಕು ಎಂಬ ಆಸೆ ಅವನಿಗೆ.

ಮೊದಲ ಉತ್ತರ ತಕ್ಷಣ ಬಂತು. ‘ಓಂ ಶಾಂತಿ.’

ಅದರ ಹಿಂದೆ ಇನ್ನೊಂದು ‘ಓಂ ಶಾಂತಿ’. ಆಮೇಲೆ ಮುಗಿದ ಕೈಗಳ ಚಿತ್ರ. ‘ಮೃತರ ಆತ್ಮಕ್ಕೆ ಚಿರಶಾಂತಿ ಸಿಗಲಿ.’ ‘ದುಃಖ ಭರಿಸುವ ಶಕ್ತಿಯನ್ನು ಭಗವಂತ ಕುಟುಂಬಕ್ಕೆ ಕೊಡಲಿ.’ ನಾಲ್ಕು ವರ್ಷ ರಾಘಣ್ಣ ಆ ಗ್ರೂಪಿಗೆ ಹಾಕಿದ್ದೆಲ್ಲ ಒಂದೇ ಬಗೆಯ ಸುದ್ದಿ: ಇಂಥವರು ತೀರಿಕೊಂಡರು, ಪೆಟ್ಟಿಗೆ ಹೊರಟಿದೆ, ಮಣ್ಣು ಇಷ್ಟು ಗಂಟೆಗೆ. ಅವನ ಹೆಸರು ಕಂಡರೆ ಓದುವ ಗೋಜಿಗೆ ಹೋಗದೆ ಬೆರಳು ತಾನಾಗಿ ಓಂ ಶಾಂತಿ ಒತ್ತುವ ಮಟ್ಟಕ್ಕೆ ಮಹನೀಯರು ಪಳಗಿದ್ದರು.

ರಾಘಣ್ಣನಿಗೆ ಮೊದಲು ನಗು ಬಂತು. ಒಬ್ಬನೇ ಕೂತು ಹೊಟ್ಟೆ ಹಿಡಿದು ನಕ್ಕ. ಉತ್ತರಗಳು ನಿಲ್ಲದೇ ಬರತೊಡಗಿದ ಮೇಲೆ ನಗು ಎಲ್ಲಿಯೋ ಹೋಯಿತು. ತಿದ್ದಿ ಹಾಕಬೇಕೆಂದು ಮೊಬೈಲು ಎತ್ತಿಕೊಂಡ. ಏನಂತ ಬರೆಯುವುದು? ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ, ಉಣ್ಣಲಿಕ್ಕೆ ಬನ್ನಿ ಎಂದೇ? ಹಾಗೆ ಬೇಡಿಕೊಂಡು ಕರೆಯಲು ಅವನಿಗೆ ನಾಚಿಕೆಯಾಯಿತು. ಕೊಟ್ರೇಶನಿಗೊಂದು ಫೋನು ಹಚ್ಚಿದ.

“ಯಾರ್ ಹೋದರ್ರೀ?” ಅಂದ ಕೊಟ್ರೇಶ. ಹಿಂದೆ ಅಂಗಡಿಯ ಗಿರಾಕಿಗಳ ಗದ್ದಲ.

“ಯಾರೂ ಇಲ್ರಿ. ನಾಳಿ ಸಂಜಿಗೆ ನಮ್ಮನ್ಯಾಗ...”

“ಹಾಂ ಹಾಂ, ನೋಡೀನ್ರಿ, ಗ್ರೂಪಿನ್ಯಾಗ ಓಂ ಶಾಂತಿ ಹಾಕೀನಿ. ಬರ್ತೀನಿ, ಖರೇನ ಬರ್ತೀನಿ,” ಎಂದು ಇಟ್ಟೇಬಿಟ್ಟ.

ಬರ್ತೀನಿ ಅಂದನಲ್ಲ, ಅದನ್ನೇ ಹಿಡಿದುಕೊಂಡು ರಾಘಣ್ಣ ಮಲಗಿದ.

ರವಿವಾರ ಮುಂಜಾನೆ ಉಸ್ಮಾನಸಾಬ ಅಂಗಡಿಯ ಇಬ್ಬರು ಹುಡುಗರೊಂದಿಗೆ ಟಂಟಂ ಗಾಡಿ ತಂದು ಪೆಟ್ಟಿಗೆಯನ್ನು ಬಿಳಿ ಬಟ್ಟೆ ಹೊದಿಸಿ ಹೇರಿಕೊಂಡ. ಒಂದು ದಿನದ ಮಟ್ಟಿಗೆ ಅದು ಗಾದಿ ಅಂಗಡಿಯ ಹಿಂದೆ ಇರಲಿ ಎಂದು ಮಾತಾಗಿತ್ತು. “ಗಜೇಂದ್ರಗಡಕ್ಕ ಮಗಳು ಶಬನಮನ ಮನಿಗೆ ಹೋಗಿ ಮೊಮ್ಮಗನ ಮುಖಾ ನೋಡಿ ಬರ್ತೀನಿ. ಸಂಜಿಗೆ ಹಾಜರ್. ನಂದೊಂದ್ ಪಾಲು ಇಟ್ಟಿರು,” ಎಂದು ಹೋದ. ಬರಿದಾದ ಪಡಸಾಲೆಯಲ್ಲಿ ರಾಘಣ್ಣ ಜಮಖಾನ ಹಾಸಿದ. ಮುಂಬಾಗಿಲನ್ನು ಚಿಲಕ ಹಾಕದೆ ಮುಂದಕ್ಕೆ ಎಳೆದುಕೊಂಡು ಹಿತ್ತಲಿಗೆ ಹೋಗಿ ಕುಣಿ ತೋಡಿದ, ಕುಳ್ಳು ಜೋಡಿಸಿದ, ಶೇಂಗಾ ಕುಟ್ಟಿದ, ಕೊಬ್ಬರಿ ತುರಿದ. ದಿನವೆಲ್ಲ ಅಲ್ಲಿಯೇ ಕಳೆಯಿತು.

ಐದಕ್ಕೆ ಕುಳ್ಳು ನಿಗಿನಿಗಿ ಕೆಂಡವಾಗಿತ್ತು. ರಾಘಣ್ಣ ಇಸ್ತ್ರಿಯ ಅಂಗಿ ಹಾಕಿಕೊಂಡು ಪಡಸಾಲೆಗೂ ಹಿತ್ತಲಿಗೂ ಅಡ್ಡಾಡಿದ. ಓಣಿಯಲ್ಲಿ ಗಾಡಿಯ ಸಪ್ಪಳವಾದರೆ ಮುಚ್ಚಿದ ಬಾಗಿಲ ಹಿಂದೆ ಬಂದು ಕಿವಿಗೊಡುವುದು, ಅದು ಮುಂದೆ ಹೋದರೆ ಕೆಂಡಕ್ಕೆ ಇನ್ನೊಂದು ಕುಳ್ಳು ಇಡುವುದು. ನಮ್ಮ ಊರಿನ ಐದು ಅಂದರೆ ಆರು ಎಂದು ಸಮಾಧಾನ ಮಾಡಿಕೊಂಡ. ಉಸ್ಮಾನಸಾಬನ ಫೋನು ಬಂತು: ಬೀಗರು ಬಿಡುತ್ತಿಲ್ಲ, ಊಟ ಮಾಡಿಸಿಯೇ ಕಳಿಸುತ್ತಾರಂತೆ. “ಎಲ್ಲಾರೂ ಬಂದಾರೇನಲೇ?” ಎಂದು ಕೇಳಿದ. “ಬರಾಕತ್ತಾರ,” ಅಂದ ರಾಘಣ್ಣ.

ಹೊತ್ತು ಮುಳುಗಿತು. ಯಾರೂ ಬರಲಿಲ್ಲ. ಕೊಟ್ರೇಶನೂ ಇಲ್ಲ, ಗೋಡೆಯ ಆಚೆಗಿನ ಶ್ರೀಕೃಷ್ಣನೂ ಇಲ್ಲ. ರಾಘಣ್ಣ ಕೆಂಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಹಸಿ ತೆನೆಗಳು ಚೀಲದಲ್ಲಿ ಹಾಗೆಯೇ ಇದ್ದವು. ಕೆಟ್ಟ ಸಿಟ್ಟೂ ಬಂತು, ಆದರೆ ಸಿಟ್ಟು ಮಾಡಲಿಕ್ಕಾದರೂ ಎದುರಿಗೆ ಒಬ್ಬರು ಬೇಕಲ್ಲ. ಇಷ್ಟು ವರ್ಷ ಯಾರ ಯಾರ ಮನೆಯ ಬಾಗಿಲಿಗೆ ಅಪರಾತ್ರಿಯಲ್ಲಿ ಓಡಿದ್ದೆ ಎಂದು ಒಂದೊಂದಾಗಿ ನೆನೆದ. ಕೈಗೆ ಸಿಕ್ಕ ಎರಡು ತೆನೆ ತೆಗೆದು, ಯಾರಿಗೆಂದು ಗೊತ್ತಿಲ್ಲದೆ, ಕೆಂಡದೊಳಗೆ ಹುಗಿದ.

ಆಗ ಮುಂಬಾಗಿಲು ದಡಾರನೆ ತೆರೆಯಿತು. ಗೋಳಾಡುತ್ತ ಒಂದು ಹೆಣ್ಣುಧ್ವನಿ ಪಡಸಾಲೆ ದಾಟಿ, ಅಡುಗೆಮನೆ ದಾಟಿ ಹಿತ್ತಲಿಗೇ ಬಂತು. ವೆಂಕೂಬಾಯಿ! ಎಪ್ಪತ್ತು ದಾಟಿದ ಜೀವ, ಸೆರಗು ಜೋತಿದೆ, ಕಣ್ಣು ಕೆಂಪಾಗಿವೆ. ಕೆಂಡದ ಮುಂದೆ ಕೂತವನನ್ನು ನೋಡಿ ಆಕೆ ನಿಂತಲ್ಲೇ ನಿಂತಳು.

“ರಾಘಣ್ಣಾ! ನೀ ಅದೀಯೇನೋ?”

“ಅದೀನಲ್ರಿ ಕಾಕೂ. ಯಾಕ, ಏನಾತ್ರಿ?”

ವೆಂಕೂಬಾಯಿ ಕಂಬ ಹಿಡಿದು ಅಲ್ಲಿಯೇ ಕುಸಿದು ಕೂತಳು. ಉಸಿರು ಕೂಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೈಗುಳದ ಸರಮಾಲೆ ಶುರುವಾಯಿತು. “ಮೂಳಾ, ಜೀವ ತಗದಿದ್ದೆಲ್ಲೋ! ನಮ್ಮ ಶ್ರೀಕೃಷ್ಣ ಮುಂಜಾನೆ ಚಹಾ ಕುಡಕೋತ ಫೋನ್ ನೋಡಿ, ರಾಘಣ್ಣನ ಮನ್ಯಾಗ ಯಾರೋ ಹೋಗ್ಯಾರ ಅಂತ ಅಂದು, ಗದಗಿಗೆ ಹೋಗೇಬಿಟ್ಟ. ಯಾರೋ ಅಂದ್ರ ಯಾರೋ? ಆ ಮನ್ಯಾಗ ಇರಾವ ಒಬ್ಬಾವ. ಅಷ್ಟೂ ತಿಳಿವಲ್ತು ಅವಗ. ನಾ ಖಿಡಕ್ಯಾಗ ನಿಂತು ನೋಡಿದ್ರ ಬಿಳಿ ಅರಿವಿ ಹೊಚ್ಚಿದ ಪೆಟ್ಟಿಗಿ ಹೊರಗ ಹೊಂಟದ. ದಿನಾ ಪೆಟ್ಟಿಗಿ ಹಿಂದ ಸ್ಕೂಟರ್ ಮ್ಯಾಲೆ ನೀ ಹೋಗ್ತಿದ್ದಿ. ಇವತ್ತು ನೀ ಹಿಂದಿಲ್ಲ. ಅಂದ್ರ ಪೆಟ್ಟಿಗ್ಯಾಗ ನೀನ ಇದ್ದೀದಿ ಅಂತ ತಿಳಕೊಂಡೆ.”

ರಾಘಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. “ಮುಂಜಾನೆನ ಬರಬಾರದೇನ್ರಿ, ಕಾಕೂ? ಇಷ್ಟೊತ್ತು ಒಬ್ರ ಅತಗೋತ ಕುಂತಿದ್ರಿ?”

“ಹೆಂಗಸು, ಒಬ್ಬಾಕಿ ಹ್ಯಾಂಗ ಬರ್ಲೋ? ನಿನ್ನ ಕ್ಲಬ್ಬಿನ ಮಂದಿ ಹಾರ ಹಿಡಕೊಂಡು ಬರ್ತಾರ, ಅವರ ಹಿಂದ ನಾನೂ ಬಂದು ಮುಖಾ ನೋಡಿ ಹೋದ್ರಾತು ಅಂತ ಖಿಡಕ್ಯಾಗ ಕುಂತೆ.” ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಒಬ್ಬಾವರೂ ಬರ್ಲಿಲ್ಲ ರಾಘಣ್ಣ. ಕತ್ತಲಾತು, ಒಬ್ಬಾವರೂ ಬರ್ಲಿಲ್ಲ. ಅಯ್ಯ, ಯಾರೂ ಇಲ್ಲದ್ಹಾಂಗ ಹೋಗಬಾರದಪ್ಪಾ ಅಂತ ಕಡೀಕ ನಾನ ಬಂದೆ.”

ಊಟಕ್ಕೆ ಬರಲಿಲ್ಲ ಎಂದು ರಾಘಣ್ಣ ಇಷ್ಟು ಹೊತ್ತು ನೊಂದಿದ್ದ. ಈಗ ತಿಳಿಯಿತು, ಅವರು ಬಾರದೇ ಹೋದದ್ದು ಊಟಕ್ಕಲ್ಲ, ಸಾವಿಗೆ. ಸತ್ತದ್ದು ಅವನೇ ಆಗಿದ್ದರೂ ಇವತ್ತಿನ ಸಂಜೆ ಹೀಗೆಯೇ ಇರುತ್ತಿತ್ತು. ಕೆಂಡದ ಮುಂದೆ ಕೂತವನಿಗೆ ಮೈ ತಣ್ಣಗಾಯಿತು. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ಹೀಗೆ ಅತ್ತಿರಲಿಲ್ಲ, ಈಗ ಭುಜ ಅಲುಗುವಂತೆ ಬಿಕ್ಕಿ ಬಿಕ್ಕಿ ಅತ್ತ.

ವೆಂಕೂಬಾಯಿ ಸ್ವಲ್ಪ ಹೊತ್ತು ಅವನನ್ನು ಅಳಲು ಬಿಟ್ಟಳು. ಸುತ್ತಲೂ ನೋಡಿದಳು. ಕುಟ್ಟಿದ ಶೇಂಗಾ, ತುರಿದ ಕೊಬ್ಬರಿ, ಗೋಡೆಗುಂಟ ಜೋಡಿಸಿಟ್ಟ ತಾಟುಗಳು, ಬಾಯಿ ತೆರೆದ ತೆನೆಯ ಚೀಲ. ಅಷ್ಟೂ ಆಕೆಗೆ ಅರ್ಥವಾಯಿತು. ಸಾವಿನ ಮನೆಯೆಂದು ಬಂದವಳು, ಮಡಿಯವಳು, ತಲೆಸ್ನಾನವಾಗದೆ ಬಾಯಿಗೆ ನೀರು ಹಾಕುವಂತಿಲ್ಲ. ಆದರೂ ಕಂಬ ಬಿಟ್ಟು ಕೆಂಡದ ಹತ್ತಿರ ಸರಿದು ಕೂತಳು.

“ಸಾಕು, ಕಣ್ಣ್ ಒರಸ್ಕೋ. ನಿನ್ನ ಪಾಲಿಂದೂ ನಾ ಮುಂಜಾನಿಂದ ಅತ್ತು ಮುಗಿಸೀನಿ,” ಅಂದಳು. “ಅಲ್ಲೆ ತೆನಿ ಸುಟ್ಟು ಕರಕಾಗ್ಲಿಕ್ಕತ್ತಾವ, ಲಗೂ ತಗಿ.”

ಅವನು ತೆನೆ ಹೊರಗೆ ಎಳೆದು, ಗೋಣಿ ತಟ್ಟಿನಲ್ಲಿ ತಿಕ್ಕಿ, ಊದಿದ. ಹೊಟ್ಟು ಹಾರಿ ಹಸಿರು ಕಾಳು ಉಳಿದವು. ವೆಂಕೂಬಾಯಿ ಅಂಗೈ ಒಡ್ಡಿದಳು.