ಅರ್ಧಕ್ಕೇ ಕಡಿದ ಬಾಂಗು

ಸತ್ತೂರಿನ ಕಾಲೇಜಿನಲ್ಲಿ ನರ್ಸಿಂಗ್ ಓದುವ ನನ್ನ ಮಗಳು ಮೊದಲ ಸಲ ಗೆಳತಿಯೊಬ್ಬಳನ್ನು ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಕರೆತರುವವಳಿದ್ದಳು. ಹುಡುಗಿಯ ಮನೆ ಧಾರವಾಡದಲ್ಲಿ. "ಅಲ್ಲಿಗ್ಯಾಕ ಹೋಗ್ತಿ?" ಎಂದು ಅವಳ ತಾಯಿ ಕೇಳಿದ್ದರಂತೆ. ಹಾಗಾಗಿ ಮಗಳು ಮೊದಲೇ ನನಗೆ ಪಾಠ ಹೇಳಿದಳು: "ಅಮ್ಮಿ, ಬಾಳ ಮಾತಾಡಬ್ಯಾಡ. ದಾದಿಗೂ ಹೇಳು. ಅಕಿ ಅಂಜಿದ್ರ ಮತ್ತ ಬರೂದಿಲ್ಲ." ದಾದಿ ಎಂದರೆ ನನ್ನ ಅತ್ತೆ. ನನಗೆ ನಗು ಬಂತು, ಸಂಕಟವೂ ಆಯಿತು. ಒಂದೇ ಬೆಂಚಿನಲ್ಲಿ ಕೂತು ಓದುವ ಹುಡುಗಿ ಅಂಜುವಂಥದ್ದು ನಮ್ಮ ಮನೆಯಲ್ಲಿ ಏನಿದೆ? ಅತ್ತೆಯ ಬಾಯಿಯೊಂದನ್ನು ಬಿಟ್ಟರೆ ನನಗೇನೂ ಹೊಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಗಿರ್ಮಿಟ್ ತಿನ್ನುತ್ತ ಹುಡುಗಿಯರು ಟಿವಿಯಲ್ಲಿ ಹಿಂದಿಗೆ ಡಬ್ ಆದ ಇಂಗ್ಲಿಷ್ ಸಿನಿಮಾ ಹಚ್ಚಿದರು. ಅಮೆರಿಕದ ಸೈನಿಕನೊಬ್ಬ ಅರಬರ ಊರೊಂದಕ್ಕೆ ಬರುತ್ತಾನೆ. ಬಂದ ಕೂಡಲೇ ಪರದೆಯೆಲ್ಲ ಹಳದಿ. ಯಾಕೋ ಈ ಸಿನಿಮಾದವರಿಗೆ ಮುಸಲ್ಮಾನರ ಊರೆಂದರೆ ಕಾಮಾಲೆ ಹಿಡಿದ ಹಾಗೇ ಕಾಣುತ್ತದೆ. ಅಷ್ಟರಲ್ಲಿ ಬಾಂಗು ಕೇಳಿತು. ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಗೆ ಸೆರಗೆಳೆದುಕೊಂಡು, ರಿಮೋಟ್ ಒತ್ತಿ ಟಿವಿಯ ದನಿ ಬಂದ್ ಮಾಡಿದರು. ಮಸೀದಿಯಲ್ಲಿ ಬಾಂಗು ಆಗುವಾಗ ಟಿವಿ ಬಾಯಿ ಮುಚ್ಚಬೇಕು ಎಂಬುದು ನಮ್ಮ ಮನೆಯ ಹಳೇ ರೂಢಿ.

"ದಾದಿ, ಅದು ಸಿನಿಮಾದಾಗಿಂದು!" ಮಗಳ ಮುಖ ಕೆಂಪಾಯಿತು.

"ಎಲ್ಲಿಂದಾದ್ರೇನು, ಬಾಂಗು ಬಾಂಗೇ. ಮುಗೀಲಿ," ಎಂದರು ಅತ್ತೆ.

ದನಿಯೇ ಇಲ್ಲದ ಮೇಲೆ ಅದು ಮುಗಿದದ್ದು ಗೊತ್ತಾಗುವುದು ಹೇಗೆ? ಎಲ್ಲರೂ ಸುಮ್ಮನೆ ನೋಡುತ್ತ ಕುಳಿತೆವು. ಒಬ್ಬ ಹೆಂಗಸು ಮಾಳಿಗೆಯ ಮೇಲೆ ಅರಿವೆ ಒಣ ಹಾಕುತ್ತಿದ್ದಳು. ಮುದುಕನೊಬ್ಬ ರೊಟ್ಟಿ ಹಿಡಿದುಕೊಂಡು ಹೊರಟಿದ್ದ. "ಕ್ಲಿಪ್ ಹಚ್ಚಲಿಲ್ಲ ನೋಡು, ಗಾಳಿಗೆ ಹಾರಿಹೋಗ್ತಾವ," ಎಂದು ಅತ್ತೆ ಚಡಪಡಿಸಿದರು.

ಗೆಳತಿ ಮೆಲ್ಲಗೆ ಬಾಯಿಬಿಟ್ಟಳು. "ಆಂಟಿ, ದನಿ ಇಲ್ದಿದ್ರ ಅಂಜಿಕೀನ ಬರವಲ್ದು. ನಮ್ಮ ಮನಿಗೂ ಬಾಂಗು ಕೇಳಸ್ತೈತ್ರಿ, ಏನೂ ಅನಸೂದಿಲ್ಲ. ಸಿನಿಮಾದಾಗ ಕೇಳಿದ್ರ ಮಾತ್ರ ಈಗ ಬಾಂಬ್ ಹಾರತೈತಿ ಅನಸ್ತೈತಿ." ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು. ಮಗಳು ನೆಲ ನೋಡತೊಡಗಿದಳು.

"ನನಗೂ ಹಂಗ ಅನಸ್ತೈತಿ," ಎಂದೆ. ಸಮಾಧಾನಕ್ಕೆ ಅಂದದ್ದಲ್ಲ, ಖರೇನೇ. ಹುಟ್ಟಿದ ದಿನ ನನ್ನ ಕಿವಿಯಲ್ಲಿ ಹೇಳಿದ್ದೇ ಬಾಂಗು. ಅದೇ ಬಾಂಗು ಸಿನಿಮಾದಲ್ಲಿ ಕೇಳಿದರೆ ನನ್ನ ಎದೆಯೂ ಧಸಕ್ಕೆನ್ನುತ್ತದೆ. ಎಲ್ಲೋ ಕೂತವರು ಈ ಅಂಜಿಕೆಯನ್ನು ನನ್ನೊಳಗೆ ಹೇಗೆ ಹೊಗಿಸಿದರು ಎಂಬುದು ನನಗೆ ಇವತ್ತಿಗೂ ಸೋಜಿಗ.

"ಹಂಗಾರ ನಾನೂ ಕೇಳ್ತೇನಿ, ಹಚ್ಚರಿ," ಎಂದರು ಅತ್ತೆ.

ಮಗಳು ಸಿನಿಮಾ ಹಿಂದಕ್ಕೆ ತಿರುಗಿಸಿ ದನಿ ಕೊಟ್ಟಳು. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಬಾಂಗಿನ ಮೊದಲ ಸಾಲು, ಅದರ ಅಡಿಯಲ್ಲಿ ಗುಡುಗುಡು ನಗಾರಿ, ಆಮೇಲೆ ಧಡಾರ್.

"ಬಾಂಗು ಕೊಟ್ಟಾಂವಂದು ಕಂಠ ಛಲೋ ಐತಿ. ಮುಂದಿಂದೆಲ್ಲಿ? ಅರ್ಧಕ್ಕ ಕಡದಾರಲ್ಲ!"

"ಮುಂದ ಏನ್ ಇರತೈತ್ರಿ ಅಜ್ಜಿ?" ಗೆಳತಿ ಕೇಳಿದಳು.

"ಕರಿಯೂದು. ನಮಾಜಿಗೆ ಬರ್ರಿ, ಒಳ್ಳೇದಕ್ಕ ಬರ್ರಿ ಅಂತ."

"ಅದು ಕರಿಯೂದನ್ರಿ? ದಿನಾ ಕೇಳತೇನಿ, ಗೊತ್ತ ಇರಲಿಲ್ಲ."

ನಾವಾದರೂ ಯಾರಿಗೆ ಹೇಳಿದ್ದೆವು? ಯಾರೂ ಕೇಳಿರಲೂ ಇಲ್ಲ.

ಸಿನಿಮಾ ಮುಂದುವರಿಯಿತು. ಸೈನಿಕ ಓಣಿಯ ತುಂಬ ಗುಂಡು ಹಾರಿಸುತ್ತಿದ್ದಾಗಲೇ ಗೆಳತಿಗೆ ಅವಳ ತಾಯಿಯ ಫೋನ್ ಬಂತು. ಗಡಿಬಿಡಿಯಲ್ಲಿ ಹುಡುಕಿದರೆ ರಿಮೋಟ್ ಸಿಗಲಿಲ್ಲ, ಸೊಪ್ಪಿನ ಅಡಿ ಸೇರಿತ್ತು. ಆ ಕಡೆಯ ಗಾಬರಿ ನನಗೂ ಕೇಳಿಸಿತು: "ಅಯ್ಯ, ಅದೇನ ಸಪ್ಪಳ? ಎಲ್ಲಿ ಅದಿ ನೀ?"

ಮಗಳ ಮುಖ ಬಿಳಿಚಿಕೊಂಡಿತು. ಗೆಳತಿ ಬಾಯಲ್ಲಿದ್ದ ಗಿರ್ಮಿಟ್ ನುಂಗಿ, ಮಗಳ ಮೊಣಕಾಲ ಮೇಲೆ ಕೈಯಿಟ್ಟಳು.

"ಅಮೆರಿಕಾದಾಂವ ಗುಂಡ ಹೊಡ್ಯಾಕತ್ತಾನಬೇ ಯವ್ವಾ. ನಾವೆಲ್ಲಾ ಆರಾಮ ಅದೀವಿ."