ತಂತ್ರಜ್ಞಾನ ಭವನದ ಬೀಗದ ಕೈ

ನಮ್ಮ ಮನೆಯ ಟಿವಿ ರಿಮೋಟಿನ ಪ್ಲಾಸ್ಟಿಕ್ ಕವರನ್ನು ನಾನು ಇಂದಿಗೂ ಬಿಚ್ಚಿಲ್ಲ. ಟಿವಿ ಕೆಟ್ಟು ಗುಜರಿಗೆ ಹೋಗಿ ಮೂರು ವರ್ಷವಾಯಿತು. ರಿಮೋಟು ಮಾತ್ರ ಅಂಗಡಿಯಿಂದ ನಿನ್ನೆ ತಂದಂತಿದೆ. ನೀವು ನಗಬೇಡಿ. ನಿಮ್ಮ ಮನೆಯ ಸೋಫಾದ ಮೇಲೆ ಕೂತಾಗ ಬರುವ ಚರಪರ ಸದ್ದನ್ನು ನಾನೂ ಕೇಳಿಸಿಕೊಂಡಿದ್ದೇನೆ.

ನಮ್ಮ ಮನೆಯ ಶೋಕೇಸಿನಲ್ಲಿ ಚಿನ್ನದಂಚಿನ ಆರು ಪಿಂಗಾಣಿ ಕಪ್ಪುಗಳೂ ಇವೆ. ತುಮಕೂರಿನಲ್ಲಿ ಮನೆ ಕಟ್ಟಿಸಿದಾಗ ಕುಣಿಗಲ್ಲಿನ ನನ್ನ ಭಾವಮೈದ ಗೃಹಪ್ರವೇಶಕ್ಕೆ ತಂದುಕೊಟ್ಟದ್ದು. ‘ಯಾರಾದ್ರೂ ದೊಡ್ಡೋರು ಬಂದಾಗ ತೆಗೆಯೋಣ’ ಎಂದು ನನ್ನ ಹೆಂಡತಿ ಅವತ್ತೇ ತೀರ್ಮಾನಿಸಿದಳು. ಹನ್ನೊಂದು ವರ್ಷದಲ್ಲಿ ಅಷ್ಟು ದೊಡ್ಡವರು ಯಾರೂ ನಮ್ಮ ಮನೆಗೆ ಬಂದಿಲ್ಲ. ಒಮ್ಮೆ ತಹಸೀಲ್ದಾರರೊಬ್ಬರು ಬಂದರು. ಕಪ್ಪು ತೊಳೆಯಲು ಇಳಿಸುವ ಹೊತ್ತಿಗೆ, ತಾವು ಕಾಫಿ ಬಿಟ್ಟಿರುವುದಾಗಿ ಹೇಳಿದರು. ಅಡುಗೆಮನೆಯಿಂದ ಬಂದ ನಿಟ್ಟುಸಿರು ಅವರಿಗೂ ಕೇಳಿಸಿರಬೇಕು.

ಇಷ್ಟೆಲ್ಲ ಹೇಳಿದ್ದು ನಮ್ಮ ಕಾಲೇಜಿನ ತಂತ್ರಜ್ಞಾನ ಭವನದ ವಿಷಯಕ್ಕೆ ಬರಲು. ಇಂಥ ಮನೆಯ ಯಜಮಾನನನ್ನು ಆ ಭವನದ ಉಸ್ತುವಾರಿಯಾಗಿ ಆರಿಸಿದ್ದರಲ್ಲಿ ನಮ್ಮ ಆಡಳಿತ ಮಂಡಳಿಯ ದೂರದೃಷ್ಟಿ ಕಾಣುತ್ತದೆ.

ನಾನು ಗುಬ್ಬಿಯ ಒಂದು ಪುಟ್ಟ ಕಲಾ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ದಿನಾ ತುಮಕೂರಿನಿಂದ ಹೋಗಿ ಬರುತ್ತೇನೆ. ನಮ್ಮಲ್ಲಿರುವುದು ಬಿ.ಎ. ಒಂದೇ. ವರ್ಷ ವರ್ಷ ಮಕ್ಕಳು ಕಡಿಮೆಯಾಗುತ್ತಾ ಬಂದಾಗ ಮಂಡಳಿಯವರು ಚಿಂತೆಗೆ ಬಿದ್ದರು. ನಮ್ಮ ಅಧ್ಯಕ್ಷರು ಕೊಬ್ಬರಿ ಮಂಡಿಯವರು, ಒಳ್ಳೆಯವರು. ಮೊಮ್ಮಗಳನ್ನು ಸೇರಿಸಲು ಯಾವುದೋ ಎಂಜಿನಿಯರಿಂಗ್ ಕಾಲೇಜಿಗೆ ಹೋದಾಗ ಅಲ್ಲಿ ಗೋಡೆಯೆಲ್ಲ ಗಾಜು ಇದ್ದದ್ದನ್ನು ನೋಡಿಕೊಂಡು ಬಂದರು. ನಮ್ಮ ಕಾಲೇಜಿನ ಕಾಯಿಲೆ ಏನೆಂದು ಅವರಿಗೆ ಹೊಳೆದುಬಿಟ್ಟಿತು. ನಮ್ಮಲ್ಲಿ ಗಾಜು ಕಡಿಮೆ.

ಗಾಜಿಗೆ ಜಾಗ ಬೇಕಲ್ಲ, ಇತಿಹಾಸದ ಕೊಠಡಿಯನ್ನು ಒಡೆದರು. ‘ಇತಿಹಾಸಕ್ಕೇನು, ಎಲ್ ಬೇಕಾದ್ರೂ ಹೇಳ್ಬೋದು’ ಎಂದರು ನಮ್ಮ ಪ್ರಿನ್ಸಿಪಾಲರು. ಅವರು ಕೋರದ ಕಡೆಯವರು, ಮಾತು ನೇರ. ಒಂದು ವರ್ಷದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಗಾಜಿನ ಭವನ ಎದ್ದು ನಿಂತಿತು. ಮಧ್ಯಾಹ್ನದ ಮೇಲೆ ಅದರ ಒಳಗೆ ಹಪ್ಪಳ ಒಣಗಿಸಬಹುದು. ಎ.ಸಿ. ಇದೆ. ಹಾಕಿದರೆ ಸವೆಯುತ್ತದೆ ಎಂದು ಹಾಕುವುದಿಲ್ಲ. ಮೂವತ್ತು ಕಂಪ್ಯೂಟರ್ ಬಂದವು, ಮೂವತ್ತು ಕುರ್ಚಿ ಬಂದವು, ಎಲ್ಲವೂ ಮುಸುಕು ಹಾಕಿಕೊಂಡೇ ಬಂದವು. ಉದ್ಘಾಟನೆಯ ದಿನ ಅತಿಥಿಗಳು ಟೇಪು ಕತ್ತರಿಸಿದರು. ಪ್ಲಾಸ್ಟಿಕ್ಕನ್ನು ಕತ್ತರಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆದರು. ‘ಏನ್ ಸಾರ್, ನಿಮ್ ಕ್ಲಾಸಲ್ಲಿ ಇರೋದೇ ಏಳ್ ಜನ. ವರ್ಕ್‌ಲೋಡೂ ಕಮ್ಮಿ ಐತೆ. ಬಿಲ್ಡಿಂಗ್ ನೀವೇ ನೋಡ್ಕಳಿ’ ಎಂದು ಬೀಗದ ಕೈಯನ್ನೂ ಒಂದು ಆದೇಶವನ್ನೂ ಕೊಟ್ಟರು. ಆದೇಶದ ಕೊನೆಯ ಸಾಲು ನನಗೆ ಬಾಯಿಪಾಠವಾಗಿದೆ: ‘ಸದರಿ ಉಪಕರಣಗಳು ಬಳಕೆಯಿಂದ ಹಾಳಾಗದಂತೆ ನೋಡಿಕೊಳ್ಳತಕ್ಕದ್ದು.’

ನೋಡಿಕೊಂಡೆ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದ ಆದೇಶ ಇನ್ನೊಂದಿಲ್ಲ. ನಿಜ ಹೇಳುತ್ತೇನೆ, ಆ ಬೀಗದ ಕೈ ಪ್ಯಾಂಟಿನ ಜೇಬು ಸೇರಿದ ಮೇಲೆ ನನ್ನ ನಡಿಗೆಯೇ ಬದಲಾಯಿತು. ಹಿತ್ತಾಳೆಯ ಬಿಲ್ಲೆ ಕಟ್ಟಿದ ದಪ್ಪ ಕೀಲಿ ಅದು. ಮೆಟ್ಟಿಲು ಹತ್ತುವಾಗ ಠಣ್ ಎನ್ನುತ್ತಿತ್ತು. ಕನ್ನಡದ ಮೇಷ್ಟ್ರು ತಿರುಗಿ ನೋಡುತ್ತಿದ್ದರು. ಅವರ ಬಳಿ ಇದ್ದದ್ದು ಬೀರುವಿನ ಕೀಲಿ ಮಾತ್ರ.

ಭವನವನ್ನು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ತೆಗೆಯುತ್ತಿದ್ದೆವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ, ಪ್ಲಾಸ್ಟಿಕ್ಕಿನ ಮೇಲೆಯೇ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಪುರಿ ಹಂಚಿ, ಮತ್ತೆ ಬೀಗ ಹಾಕುವುದು. ನಾನು ಇತಿಹಾಸದವನಲ್ಲವೇ, ಮುಂದೆ ಸಾವಿರ ವರ್ಷದ ಮೇಲೆ ಗುಬ್ಬಿಯನ್ನು ಅಗೆಯುವವರ ಬಗ್ಗೆ ಯೋಚನೆ ಬರುತ್ತಿತ್ತು. ಅವರು ಖಂಡಿತ ಇದೊಂದು ದೇವಸ್ಥಾನ ಎಂದು ಬರೆಯುತ್ತಾರೆ. ಮೂವತ್ತು ಮೂರ್ತಿಗಳು, ಎಲ್ಲವಕ್ಕೂ ತೆಳುವಾದ ವಸ್ತ್ರ, ಹಣೆಗೆ ಕುಂಕುಮ, ಹೊರಗೆ ಪಾದರಕ್ಷೆ ಬಿಡುವ ಕಟ್ಟೆ. ಭಕ್ತರಿಗೆ ಪ್ರವೇಶವಿರಲಿಲ್ಲ, ಅರ್ಚಕನೊಬ್ಬನಿದ್ದ, ಅವನಿಗೆ ಮಂತ್ರವೂ ಗೊತ್ತಿರಲಿಲ್ಲ ಎಂಬಲ್ಲಿಗೆ ಅವರ ಸಂಶೋಧನೆ ಮುಗಿಯುತ್ತದೆ. ನನ್ನ ಬಗ್ಗೆ ಇಷ್ಟು ನಿಖರವಾಗಿ ಯಾವ ಇನ್‌ಸ್ಪೆಕ್ಷನ್ನಿನವರೂ ಬರೆದಿಲ್ಲ.

ಕೊಠಡಿ ಕಳೆದುಕೊಂಡ ನನ್ನ ಕ್ಲಾಸು ನಡೆಯುತ್ತಿದ್ದುದು ಆ ಭವನದ ನೆರಳಿನಲ್ಲಿ. ಬೆಳಿಗ್ಗೆ ಪಶ್ಚಿಮದ ಮೆಟ್ಟಿಲ ಮೇಲೆ, ಮಧ್ಯಾಹ್ನ ಪೂರ್ವದ ಗೋಡೆಯ ಹಿಂದೆ. ನೆರಳು ಸರಿದಂತೆ ಏಳು ಮಕ್ಕಳೂ ನಾನೂ ಸರಿಯುತ್ತಿದ್ದೆವು. ಗಾಜಿನೊಳಗೆ ಮೂಲೆಯಲ್ಲಿ ಯು.ಪಿ.ಎಸ್ಸಿನ ಹಸಿರು ದೀಪವೊಂದು ಮಿಣುಕುತ್ತಿತ್ತು. ನಮ್ಮ ತಂತ್ರಜ್ಞಾನಕ್ಕೆ ಜೀವ ಇದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಆ ಏಳು ಮಕ್ಕಳಲ್ಲಿ ಶಬಾನಾ ಒಬ್ಬಳು. ಅವಳ ತಂದೆ ಗುಬ್ಬಿ ಪೇಟೆಯಲ್ಲಿ ವಾಚು ರಿಪೇರಿ ಮಾಡುತ್ತಾರೆ. ಹುಡುಗಿ ಚುರುಕು, ಬಾಯಿ ಇನ್ನೂ ಚುರುಕು. ಒಮ್ಮೆ ಎಲ್ಲರನ್ನೂ ಹುತ್ರಿದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಬಿಸಿಲಿನಲ್ಲಿ ಏದುಸಿರು ಬಿಡುತ್ತಾ ಬೆಟ್ಟ ಹತ್ತಿ ಕೋಟೆಯ ವೈಭವವನ್ನು ವರ್ಣಿಸಲು ಶುರುಮಾಡಿದರೆ ಇವಳು, ‘ಸಾರ್, ಇಷ್ಟ್ ಭದ್ರ ಮಾಡಿ ಒಳಗೇನಿಟ್ಟಿದ್ರು?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ‘ಅದು ಸಿಲಬಸ್ಸಿನಲ್ಲಿಲ್ಲ’ ಎಂದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಭದ್ರವಾದ ಕೋಟೆ ಇಲ್ಲ.

ಶಬಾನಾಗೆ ಇತಿಹಾಸದಲ್ಲಿ ಎಂ.ಎ. ಮಾಡುವ ಆಸೆ. ತಂದೆಗೂ ಇಷ್ಟವೇ, ಆದರೆ ತುಮಕೂರಿನ ಬಟ್ಟೆ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಅರ್ಜಿ ಹಾಕಿದರೆ ಓದು, ತಪ್ಪಿದರೆ ಒಂದನೇ ತಾರೀಕಿನಿಂದ ಸೀರೆ ಮಡಿಸುವುದು ಎಂದು ತಂದೆ ಮಗಳ ನಡುವೆ ಒಪ್ಪಂದ. ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬೇಕು. ಕೊನೆಯ ಸೆಮಿಸ್ಟರಿನ ಅಂಕಪಟ್ಟಿ ಅವಳ ಕೈಗೆ ಬಂದದ್ದು ಅರ್ಜಿಯ ಕಡೇ ದಿನ, ಮಧ್ಯಾಹ್ನ ಮೂರೂವರೆಗೆ. ಐದಕ್ಕೆ ಕೊನೆ.

ಅವಳು ಅಂಕಪಟ್ಟಿ ಹಿಡಿದು ನನ್ನ ಬಳಿಗೆ ಓಡಿ ಬಂದಳು. ‘ಸಾರ್, ಫೋನಲ್ಲಿ ಆಗ್ತಿಲ್ಲ. ಫೋಟೋ, ಸೈನು ಏನೂ ತಗೋತಿಲ್ಲ. ಕಂಪ್ಯೂಟರೇ ಬೇಕಂತೆ. ಏನ್ ಮಾಡ್ಲಿ?’ ಕಣ್ಣಲ್ಲಿ ನೀರಿತ್ತು.

ಗುರುವಾದವನು ಇಂಥ ಹೊತ್ತಿನಲ್ಲಿ ಕೈಬಿಡಬಾರದು. ‘ಹೆದರಬೇಡಮ್ಮ, ನಾನಿದೀನಿ, ಬಾ’ ಎಂದು ಎದ್ದೆ. ಜೇಬಿನಲ್ಲಿ ಕೀಲಿ ಠಣ್ ಎಂದಿತು. ಅವಳನ್ನು ಕರೆದುಕೊಂಡು ತಂತ್ರಜ್ಞಾನ ಭವನದ ಮುಂದೆಯೇ ಹಾದು, ಗೇಟು ದಾಟಿ, ರಸ್ತೆಯಾಚೆಗಿನ ಗಂಗಣ್ಣನ ಜೆರಾಕ್ಸ್ ಅಂಗಡಿಗೆ ಹೋದೆ.

ಹೌದು, ನೀವು ಸರಿಯಾಗಿಯೇ ಓದಿದಿರಿ.

ಗಂಗಣ್ಣನ ಅಂಗಡಿಯಲ್ಲಿ ಒಂದೇ ಕಂಪ್ಯೂಟರು. ಅದರ ಕೀಲಿಮಣೆಯಲ್ಲಿ ಅಕ್ಷರಗಳೆಲ್ಲ ಅಳಿಸಿಹೋಗಿವೆ, ಅವನ ಬೆರಳಿಗೆ ಮಾತ್ರ ಗೊತ್ತು. ಪಹಣಿ, ಆಧಾರ್ ಎಂದು ಮುಂದೆ ಆರೇಳು ಜನ ನಿಂತಿದ್ದರು. ನಾವೂ ನಿಂತೆವು. ನಾನು ದೊಡ್ಡ ಗಂಟಲಿನಲ್ಲಿ, ‘ಈ ಊರಲ್ಲಿ ಮಕ್ಕಳಿಗೆ ಒಂದು ಕಂಪ್ಯೂಟರ್ ಸಿಗೋದು ಎಷ್ಟು ಕಷ್ಟ ನೋಡಿ’ ಎಂದು ಸುತ್ತಲಿದ್ದವರಿಗೆ ಹೇಳಿದೆ. ಅವರೂ ತಲೆಯಾಡಿಸಿದರು. ವ್ಯವಸ್ಥೆಯನ್ನು ಬೈಯುವಾಗ ಜೇಬಿನಲ್ಲಿ ಕೈ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಅವತ್ತೂ ಇಟ್ಟುಕೊಂಡಿದ್ದೆ.

ನಮ್ಮ ಸರದಿ ಬಂದಾಗ ನಾಲ್ಕೂಕಾಲು ದಾಟಿತ್ತು. ಗಂಗಣ್ಣ ಅಂಕಪಟ್ಟಿ, ಫೋಟೋ ಎಲ್ಲ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿದ. ಅರ್ಜಿಯ ಪುಟ ತೆರೆದು ಹೆಸರು ಬರೆಯುವಷ್ಟರಲ್ಲಿ ಕರೆಂಟು ಹೋಯಿತು. ಬೀದಿಗೆ ಬೀದಿಯೇ ತಣ್ಣಗಾಯಿತು.

‘ಇನ್ನು ಆರ್ ಗಂಟೆ ಮ್ಯಾಲೇ ಸಾರ್ ಬರೋದು’ ಎಂದ ಗಂಗಣ್ಣ. ಶಬಾನಾ ಗೋಡೆಗೆ ಒರಗಿ ನಿಂತಳು. ಅಳಲಿಲ್ಲ. ತಂದೆಗೆ ಫೋನು ಮಾಡಲು ಹೊರಟು, ಮಾಡದೆ, ಫೋನನ್ನು ಬ್ಯಾಗಿಗೆ ಹಾಕಿದಳು. ಅದನ್ನು ನೋಡಿ ನನಗೆ ಬಹಳ ಸಂಕಟವಾಯಿತು. ಸಂಕಟವಾದಾಗಲೂ ನನಗೊಂದು ಅಭ್ಯಾಸವಿದೆ, ಜೇಬಿನಲ್ಲಿದ್ದದ್ದನ್ನು ತೆಗೆದು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುವುದು.

ಗಂಗಣ್ಣ ತಿರುಗುತ್ತಿದ್ದ ಹಿತ್ತಾಳೆ ಬಿಲ್ಲೆಯನ್ನೇ ನೋಡಿದ. ‘ಸಾರ್, ಅದು ಗಾಜಿನ್ ಬಿಲ್ಡಿಂಗ್ ಕೀ ಅಲ್ವಾ?’

‘ಹೌದು’ ಎಂದೆ.

‘ಬುಡಿ ಸಾರ್! ಕಂಕುಳಲ್ಲಿ ಕೂಸ್ ಇಟ್ಕಂಡು ಊರೆಲ್ಲಾ ಹುಡುಕಿದ್ರಂತೆ. ಮೂವತ್ ಕಂಪ್ಯೂಟರ್ ಜೇಬಲ್ ಮಡಿಕ್ಕಂಡು ನನ್ ಅಂಗ್ಡಿ ಮುಂದೆ ಕ್ಯೂ ನಿಂತಿದೀರಲ್ಲ!’

ನೀವು ನಂಬುವುದಾದರೆ ನಂಬಿ, ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ನಿಯಮಕ್ಕೆ ಹೆದರಿ ತೆಗೆಯದೆ ಇದ್ದಿದ್ದರೆ ನನಗೊಂದಿಷ್ಟು ಮರ್ಯಾದೆಯಾದರೂ ಉಳಿಯುತ್ತಿತ್ತು. ಆ ಭವನದೊಳಗೆ ಇರುವುದು ಕಂಪ್ಯೂಟರು, ಅದರಿಂದ ಅರ್ಜಿ ಹಾಕಬಹುದು ಎನ್ನುವುದನ್ನೇ ನಾನು ಮರೆತುಬಿಟ್ಟಿದ್ದೆ. ಶಬಾನಾ ಕೂಡ ಕೇಳಿರಲಿಲ್ಲ. ಎರಡು ವರ್ಷ ಅದರ ನೆರಳಲ್ಲೇ ಕೂತು ಪಾಠ ಕೇಳಿದ ಹುಡುಗಿಗೆ ಅದೂ ನೆರಳು ಕೊಡುವ ಒಂದು ವಸ್ತುವಾಗಿತ್ತು, ಅಷ್ಟೆ.

ಪೆನ್‌ಡ್ರೈವು ಕಿತ್ತುಕೊಂಡು ಇಬ್ಬರೂ ಓಡಿದೆವು. ನಾನು ಓಡಿದ್ದನ್ನು ಗುಬ್ಬಿಯ ಜನ ಅವತ್ತೇ ಮೊದಲು ನೋಡಿದ್ದು. ಬೀಗ ತೆಗೆಯುವ ಹೊತ್ತಿಗೆ ನಾಲ್ಕೂ ಮುಕ್ಕಾಲು. ಶಬಾನಾ ಬಾಗಿಲಲ್ಲಿ ನಿಂತು ಚಪ್ಪಲಿ ಬಿಡತೊಡಗಿದಳು. ‘ಹಾಕ್ಕೊಂಡೇ ಬಾರೇ ತಾಯಿ!’ ಎಂದು ಕೂಗಿದೆ. ಮೊದಲ ಕಂಪ್ಯೂಟರಿನ ಪ್ಲಾಸ್ಟಿಕ್ಕಿನ ಗಂಟನ್ನು ಹರಿಯದಂತೆ ಜೋಪಾನವಾಗಿ ಬಿಚ್ಚತೊಡಗಿದೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಎರಡೂ ಕೈಯಿಂದ ಹಿಡಿದು ಪರ್ರನೆ ಹರಿದಳು. ಒಂದು ಹಿಡಿ ಒಣ ಕುಂಕುಮ ಮೇಜಿನ ಮೇಲೆ ಉದುರಿತು.

ಯು.ಪಿ.ಎಸ್. ಇದ್ದದ್ದರಿಂದ ಕಂಪ್ಯೂಟರು ಎದ್ದಿತು. ಪಾಸ್‌ವರ್ಡ್ ಕೇಳಲಿಲ್ಲ. ಬಳಸುವವರೇ ಇಲ್ಲದ ಮೇಲೆ ಯಾರಿಂದ ಕಾಪಾಡಬೇಕು? ಶಬಾನಾ ತನ್ನ ಫೋನಿನಿಂದಲೇ ಅದಕ್ಕೆ ಇಂಟರ್ನೆಟ್ ಕೊಟ್ಟು ಟೈಪು ಮಾಡಿದಳು, ನಾನು ಅಂಕಗಳನ್ನು ಓದಿ ಹೇಳಿದೆ. ಒಳಗೆ ಒಲೆಯ ಮುಂದೆ ಕೂತಂತೆ ಸೆಕೆ. ಐದಕ್ಕೆ ನಾಲ್ಕು ನಿಮಿಷ ಇರುವಾಗ ಪರದೆಯ ಮೇಲೆ ಅರ್ಜಿ ಸ್ವೀಕೃತವಾಗಿದೆ ಎಂದು ಬಂತು. ನನ್ನ ಕಣ್ಣಲ್ಲಿ ನೀರು ಬಂತು. ಬೆವರು ಎಂದು ಒರೆಸಿಕೊಂಡೆ.

ಅವಳು ಕುರ್ಚಿ ತಿರುಗಿಸಿ ಸುತ್ತಲೂ ನೋಡಿದಳು. ಮುಸುಕಿನೊಳಗಿನ ಇಪ್ಪತ್ತೊಂಬತ್ತನ್ನೂ ಒಂದೊಂದಾಗಿ ನೋಡಿದಳು. ‘ಸಾರ್, ಇದ್ನೆಲ್ಲ ಯಾರಿಗೆ ಅಂತ ತಂದಿಟ್ಟವ್ರೆ?’ ಎಂದಳು.

ಇದು ಸಿಲಬಸ್ಸಿನಲ್ಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮರುದಿನ ಪ್ರಿನ್ಸಿಪಾಲರು ಕರೆಸಿದರು. ಹರಿದ ಪ್ಲಾಸ್ಟಿಕ್ಕು ಅವರ ಮೇಜಿನ ಮೇಲಿತ್ತು. ‘ಏನ್ ಸಾರ್ ಇದು? ಮೂವತ್ ಹೊಸಾದು ಅಂತ ರಿಜಿಸ್ಟರಲ್ಲಿ ಬರ್ದಿದೀವಿ. ಈಗ ಒಂದು ಹಳೇದಾಗೋಯ್ತಲ್ಲ! ಏನಂತ ಬರೀಲಿ?’ ಎಂದು ನಿಜವಾದ ನೋವಿನಿಂದಲೇ ಕೇಳಿದರು. ಲಿಖಿತ ವಿವರಣೆ ಕೊಡಿ ಎಂದರು. ನಾನು ಒಂದೇ ಪದ ಬರೆದುಕೊಟ್ಟೆ: ‘ಬಳಸಲಾಯಿತು.’ ಅದನ್ನು ಯಾವ ಫೈಲಿಗೆ ಸೇರಿಸಬೇಕೆಂದು ತಿಳಿಯದೆ ಅವರು ಇನ್ನೂ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಾರೆ. ಆ ಒಂದು ಕಂಪ್ಯೂಟರು ಹೇಗೂ ಹಳೆಯದಾಯಿತಲ್ಲ, ಇನ್ನು ಅದನ್ನು ಯಾರಾದರೂ ಮುಟ್ಟಲಿ ಎಂದರು. ಈಗ ದಿನಾ ಅದರ ಮುಂದೆ ಮಕ್ಕಳ ಸಾಲು ಇರುತ್ತದೆ. ಉಳಿದ ಇಪ್ಪತ್ತೊಂಬತ್ತು ನನ್ನ ಕಣ್ಣು ತಪ್ಪಿಸಿ ಒಂದೊಂದಾಗಿ ಹಳೆಯವಾಗುತ್ತಿವೆ. ನನ್ನ ಕಣ್ಣೂ ಈಚೆಗೆ ಬಹಳ ತಪ್ಪುತ್ತದೆ.

ಮೊನ್ನೆ ಶಬಾನಾಗೆ ಸೀಟು ಸಿಕ್ಕಿತೆಂದು ಅವಳ ತಂದೆ ಅಂಗಡಿಯಿಂದಲೇ ಕೂಗಿ ಹೇಳಿದರು. ಆ ಖುಷಿಯಲ್ಲಿ ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ ಹೆಂಡತಿಗೆ, ‘ಆ ಚಿನ್ನದಂಚಿನ ಕಪ್ಪಲ್ಲಿ ಎರಡು ಕಾಫಿ ಮಾಡೇ’ ಎಂದೆ.

ಅವಳು ಗಾಬರಿಯಿಂದ ಸೆರಗು ಸರಿಮಾಡಿಕೊಳ್ಳುತ್ತಾ ನನ್ನ ಹಿಂದೆ ಬಾಗಿಲ ಕಡೆ ಬಗ್ಗಿ ನೋಡಿದಳು.

‘ಯಾರ್ ಬಂದವ್ರೆ?’

‘ನಾವಿಬ್ರೇ ಕಣೇ’ ಎಂದೆ.