ಭಾವ ಹಾಕಿಸಿದ ಅಗಲದ ಟೈರು

ನಾನು ದೊಡ್ಡ ಮನಸ್ಸಿನವಳಲ್ಲ. ಯಾರಾದರೂ ಚುಚ್ಚಿ ಮಾತಾಡಿದರೆ ಅಲ್ಲಿ ನಕ್ಕು ಸುಮ್ಮನಾಗಿ, ಮನೆಗೆ ಬಂದು ಅದನ್ನೇ ಮೆಲುಕು ಹಾಕುವವಳು. ಅಕ್ಕನ ಗಂಡ ನನ್ನ ಕಾರಿಗೆ ಮಾಡಿದ್ದನ್ನಂತೂ ಒಂದು ಮಳೆಗಾಲ ಪೂರ್ತಿ ಮೆಲುಕು ಹಾಕಿದ್ದೇನೆ.

ಕಾರು ಅಂದರೆ ಎರಡೇ ಬಾಗಿಲಿನ, ದುಂಡು ದೀಪದ ಹಳೇ ಸ್ಪೋರ್ಟ್ಸ್ ಕಾರು. ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ತಯಾರಾದ ಮಾಲಿನ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಮೈಸೂರಿನ ಯಾರದೋ ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಈ ಕಾರನ್ನು ಹಟ ಹಿಡಿದು ತಂದಿದ್ದೆ. ಏಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ. ಆದರೆ ಹಗುರ. ತಿರುವಿನಲ್ಲಿ ಹೇಳಿದ ಮಾತು ಕೇಳುತ್ತಿತ್ತು.

ಅಕ್ಕನ ಮನೆ ನರಸೀಪುರದಲ್ಲಿ. ಮನೆಗೆ ಹೊಂದಿಕೊಂಡೇ ಭಾವನ ಗೊಬ್ಬರದ ಅಂಗಡಿ. ಭಾನುವಾರ ನಾನು ಹೋದಾಗ ಅಕ್ಕ, ನಾನು ಇಬ್ಬರೂ ನನ್ನ ಕಾರಿನಲ್ಲಿ ಬನ್ನೂರು ಕಡೆಗೆ ಹೋಗುತ್ತಿದ್ದೆವು. ಕಬ್ಬಿನ ಗದ್ದೆಗಳ ನಡುವಿನ ಖಾಲಿ ರಸ್ತೆಯಲ್ಲಿ ಅಕ್ಕ ಡ್ರೈವಿಂಗ್ ಕಲಿಯುತ್ತಿದ್ದಳು. ಕಲಿಯುವವರ ಲೈಸೆನ್ಸು, ಎಲ್ಎಲ್, ಮಾಡಿಸಿಕೊಂಡಿದ್ದಳು. ಹಿಂದೊಮ್ಮೆ ಬಚ್ಚಲಲ್ಲಿ ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿದು ಕೂಡಿಕೊಂಡಿತ್ತು, ಮೊದಲಿನ ಬಲ ಇರಲಿಲ್ಲ. ಆದರೂ ಆ ಸಣ್ಣ ಟೈರಿನ ಕಾರು ಅವಳ ಕೈಗೆ ಸಲೀಸಾಗಿ ತಿರುಗುತ್ತಿತ್ತು. ಮೊದಲ ಸಲ ಮೂರನೇ ಗೇರಿಗೆ ಹಾಕಿದ ದಿನ ಅವಳು ನಕ್ಕ ನಗು ನಾನು ಅವಳ ಮದುವೆಯಾದ ಮೇಲೆ ಕಂಡೇ ಇರಲಿಲ್ಲ.

ವಿಷಯ ಭಾವನಿಗೆ ಗೊತ್ತಾಯಿತು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಫ್ಯಾಕ್ಟರಿಯವರು ನನ್ನನ್ನು ಒಂದು ವಾರದ ತರಬೇತಿಗೆ ಕಳಿಸಿದಾಗ ಕಾರನ್ನು ಅಕ್ಕನ ಮನೆ ಮುಂದೆ ಬಿಟ್ಟು ಹೋಗಿದ್ದೆ. ವಾಪಸ್ ಬಂದು ನೋಡಿದರೆ ಕಾರು ನೆಲಕ್ಕೆ ಕುಕ್ಕರಿಸಿತ್ತು. ಭಾವ ಮೆಕ್ಯಾನಿಕ್ಕಿನ ಕೈಲಿ ಸ್ಪ್ರಿಂಗುಗಳನ್ನು ಕತ್ತರಿಸಿ ತಗ್ಗಿಸಿದ್ದ. ನೂರಾ ಐವತ್ತೈದು ಮಿಲಿಮೀಟರ್ ಅಗಲದ ಟೈರು ಇದ್ದಲ್ಲಿ ನೂರಾ ತೊಂಬತ್ತೈದರ ಟೈರು ಮಡ್‌ಗಾರ್ಡಿನಿಂದ ಆಚೆಗೆ ಹೊಟ್ಟೆ ಬಿಟ್ಟುಕೊಂಡಿತ್ತು.

"ಎಂಗದೆ? ಕಾರು ಅಂದ್ರೆ ಇದು ಕಣವ್ವ. ಮೊದ್ಲು ಒಳ್ಳೆ ಸೈಕಲ್ ಟೈರ್ ಇದ್ದಂಗಿತ್ತು" ಅಂದ ಭಾವ. ನಾನು ಬಾಯಿ ಬಿಡುವ ಮೊದಲೇ ಅಂಗಡಿ ಮುಂದೆ ನಿಂತಿದ್ದವರಿಗೆಲ್ಲ ಕೇಳುವಂತೆ ಅಕ್ಕನನ್ನು ಕರೆದ. "ಬಾ, ಓಡ್ಸು ನೋಡಾಣ. ಕಲ್ತಿದ್ದೀಯಂತಲ್ಲ."

ಅಕ್ಕ ಕೂತಳು. ಅಷ್ಟು ಅಗಲದ ಟೈರಿಗೆ ಸ್ಟೀರಿಂಗ್ ಭಾರವಾಗಿ, ಎರಡೂ ಕೈಯಲ್ಲಿ ಎಳೆದರೂ ಮಿಸುಕಲಿಲ್ಲ. ಕಾರು ನೇರ ಹೋಗಿ ಚರಂಡಿಯ ಚಪ್ಪಡಿಗೆ ಮುಟ್ಟಿ ನಿಂತಿತು. ಎಲ್ಲರೂ ನಕ್ಕರು. ಅವಳು ಮಣಿಕಟ್ಟನ್ನು ಸೆರಗಿನಡಿ ಮುಚ್ಚಿಕೊಂಡು ಇಳಿದು, "ನನ್ ಕೈಲಾಗಾಕಿಲ್ಲ ಬುಡಿ" ಅಂತ ಕೀಯನ್ನು ಗಂಡನ ಕೈಗೇ ಕೊಟ್ಟಳು.

ಇದಕ್ಕೆ ಸೇಡು ತೀರಿಸಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಕಾರು ಹಾಳಾಗಿದ್ದಕ್ಕಲ್ಲ, ಆ ಕೀ ಕೊಟ್ಟಿದ್ದಕ್ಕೆ.

ಆ ಕಾರನ್ನು ಮನೆಗೆ ತಂದದ್ದೇ ಒಂದು ಶಿಕ್ಷೆ. ರಸ್ತೆಯ ಪ್ರತಿ ಹಂಪಿನಲ್ಲೂ ಹೊಟ್ಟೆ ಉಜ್ಜುತ್ತಿತ್ತು. ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಕರಕರ ಅನ್ನುತ್ತಿತ್ತು. ಕಬ್ಬಿನ ಟ್ರ್ಯಾಕ್ಟರು ಓಡಾಡಿ ತೋಡಿದ ಜಾಡು ಸಿಕ್ಕರೆ ಅಗಲದ ಟೈರು ಅದನ್ನೇ ಹಿಡಿದು ಕಾರನ್ನು ತನಗೆ ಬೇಕಾದ ಕಡೆ ಎಳೆಯುತ್ತಿತ್ತು. ಹಳೇ ಕಾರಿನ ಹುಚ್ಚಿರುವ ಗಂಡಸರನ್ನು ಫೋನಿನಲ್ಲಿ ಕೇಳಿದೆ. ಒಬ್ಬ ನೂರಾ ಎಂಬತ್ತೈದು ಅಂದ, ಇನ್ನೊಬ್ಬ ನೂರಾ ಎಪ್ಪತ್ತೈದು ಅಂದ. ಎಲ್ಲರೂ ಹಿಡಿತ, ನೋಟ, ವೇಗ ಅಂತ ಮಾತಾಡಿದರು. ಮಣಿಕಟ್ಟಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಹಾಗಾಗಿ ಲೆಕ್ಕ ನಾನೇ ಮಾಡಿದೆ. ಟೈರಿನ ಅಂಗಡಿಯಲ್ಲಿ ಒಂದೊಂದು ಅಳತೆಯದನ್ನು ಹಾಕಿಸಿ, ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಸ್ಟೀರಿಂಗಿಗೆ ಸಿಕ್ಕಿಸಿ, ಎಷ್ಟು ಎಳೆದರೆ ಚಕ್ರ ತಿರುಗುತ್ತದೆ ಅಂತ ನೋಡಿದೆ. ಹಬ್ಬಕ್ಕೆ ಮನೆಗೆ ಬಂದ ಅಕ್ಕನ ಕೈಗೆ ಅದೇ ತಕ್ಕಡಿ ಕೊಟ್ಟು, "ಇದು ಸರಿ ತೋರಿಸ್ತದಾ ಎಳ್ದು ನೋಡಕ್ಕ" ಅಂದೆ. ಅವಳು ಬಲಗೈಯಲ್ಲಿ ಎಳೆದು, ನೋವಾದಾಗ ಬಿಟ್ಟಳು. ಮುಳ್ಳು ಎಲ್ಲಿ ನಿಂತಿತೋ ಅದೇ ನನ್ನ ಮಿತಿ. ನೂರಾ ಎಪ್ಪತ್ತೈದರ ಟೈರಿನಲ್ಲಿ ಮುಳ್ಳು ಅದನ್ನು ದಾಟಿತು. ನೂರಾ ಅರವತ್ತೈದರಲ್ಲಿ ಕೆಳಗೇ ಉಳಿಯಿತು. ಹಳೆಯ ಅಳತೆಯ ಟೈರು ಸಿಗದ ಕಾರಣ ಅದನ್ನೇ ಹಾಕಿಸಿದೆ. ಕತ್ತರಿಸಿದ ಸ್ಪ್ರಿಂಗು ತೆಗೆಸಿ ಹೊಸದು, ಜೊತೆಗೆ ಹೊಸ ಶಾಕ್ ಅಬ್ಸಾರ್ಬರು. ಕಂಪನಿ ಬಿಟ್ಟಿದ್ದಕ್ಕಿಂತ ಎರಡು ಬೆರಳು ಎತ್ತರವನ್ನೇ ಇಟ್ಟೆ. ನೋಡಿದವರು ಆಡಿನ ಮರಿ ಕಾಲೂರಿ ನಿಂತ ಹಾಗಿದೆ ಅಂದರು. ಅನ್ನಲಿ.

ಬಿಚ್ಚಿದ ಅಗಲದ ಟೈರುಗಳನ್ನು ರಿಮ್ಮಿನ ಸಮೇತ ಭಾವನ ಮನೆಗೇ ಒಯ್ದೆ. ಅವನ ಕಾರಿಗೂ ಅದೇ ಬೋಲ್ಟಿನ ಅಳತೆ ಅಂತ ನೋಡಿಕೊಂಡೇ ಹೋಗಿದ್ದೆ. "ನಿಮ್ ಆಯ್ಕೆ ನಿಮ್ ಕಾರಿಗೇ ಚೆಂದ ಭಾವ" ಅಂದೆ. ಉಬ್ಬಿಹೋದ. ಮುಂದಿನ ಭಾನುವಾರ ನೋಡಿದರೆ ತನ್ನ ಕಾರಿನ ಸ್ಪ್ರಿಂಗನ್ನೂ ಕತ್ತರಿಸಿ ನೆಲಕ್ಕೆ ಕೂರಿಸಿಕೊಂಡಿದ್ದ. ಅಕ್ಕನಿಗೆ ಮಾತ್ರ ನಾನು ಎಷ್ಟು ಕರೆದರೂ ಸ್ಟೀರಿಂಗಿನ ಆಸೆ ಮತ್ತೆ ಹುಟ್ಟಲಿಲ್ಲ. "ಬ್ಯಾಡ ಕಣಮ್ಮಿ" ಅನ್ನುವಳು, ಅಷ್ಟೆ.

ಸಂಕ್ರಾಂತಿ ಕಳೆದ ಮೇಲೆ ಹೆಡತಲೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಭಾವ, ಅಕ್ಕ ನಂಜನಗೂಡಿನ ನಮ್ಮ ಮನೆಗೆ ಬಂದು ತಿಂಡಿ ತಿಂದು ಹೊರಟರು. "ನಿನ್ ಆಡಿನ್ಮರಿ ನಮ್ ಇಂದೆ ಬರ್ಲಿ. ನಾವು ಊಟ ಮುಗ್ಸಿರ್ತೀವಿ" ಅಂತ ಭಾವ ಕಿಸಕ್ಕನೆ ನಕ್ಕ.

ನಮ್ಮ ಕಡೆಯವರಿಗೆ ಆ ತಿಂಗಳಲ್ಲಿ ರಸ್ತೆಯೇ ಕಣ. ಕಿತ್ತ ಹುರುಳಿ ಗಿಡವನ್ನು ಟಾರಿನ ಮೇಲೆ ಮೊಣಕಾಲುದ್ದ ಹರಡುತ್ತಾರೆ. ಬಸ್ಸು, ಲಾರಿ ಅದರ ಮೇಲೆ ಹಾದು ಕಾಳು ಬಿಡಿಸಿ ಕೊಡುತ್ತವೆ. ಎತ್ತರದ ಗಾಡಿಗೆ ಏನೂ ಆಗುವುದಿಲ್ಲ. ತಗ್ಗಿನ ಕಾರಿಗೆ ಹುರುಳಿ ಬಳ್ಳಿ ಅಡಿಯಲ್ಲಿ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಭಾವ ನಾಲೆ ನೀರಿನ ಭತ್ತದ ಊರಿನವನು. ಅವನಿಗೆ ಇದು ಗೊತ್ತಿಲ್ಲ ಅಂತ ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಇವತ್ತಿಗೂ ನನಗೆ ಅದರ ಬಗ್ಗೆ ಕಿಂಚಿತ್ತೂ ಬೇಸರವಿಲ್ಲ.

ಹೆಡತಲೆಗೆ ಇನ್ನೂ ಸ್ವಲ್ಪ ದೂರವಿದ್ದಾಗ ಅವನ ಕಾರು ರಸ್ತೆ ನಡುವೆ ನಿಂತಿರುವುದು ಕಂಡಿತು. ರೈತರಿಗೆ ಉಪಕಾರ ಮಾಡುವವನ ಹಾಗೆ ವೇಗವಾಗಿಯೇ ನುಗ್ಗಿದ್ದನಂತೆ. ಬಳ್ಳಿ ಚಕ್ರಕ್ಕೂ ಆಕ್ಸಲಿಗೂ ಹಗ್ಗದ ಹಾಗೆ ಸುತ್ತಿ, ಸೈಲೆನ್ಸರಿನ ಬಿಸಿಗೆ ಹೊಗೆ ಎದ್ದಿತ್ತು. ಹುರುಳಿ ಒಡತಿ ಎರಡು ಕೊಡ ನೀರು ಸುರಿದು ಆರಿಸಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಏನ್ ಸಾ, ಎಲೆಕೋಸಿನಂಗೆ ನೆಲಕ್ಕೆ ಕೂತ್ಕಂಡಿರೋ ಕಾರ್ನ ಉಳ್ಳಿ ಮ್ಯಾಲೆ ಇಂಗಾ ಬುಡೋದು? ಒಳೀಕ್ಕೆ ನುಗ್ಗಿ ಕಿತ್ತಾಕಿ. ನನ್ ಕಾಳೆಲ್ಲಾ ನೆನೀತು."

ಒಳಕ್ಕೆ ನುಗ್ಗಲು ಜಾಗವೆಲ್ಲಿ? ತಗ್ಗಿಸಿದ ಕಾರಿನಡಿ ಕೈ ಕೂಡ ಹೋಗುತ್ತಿರಲಿಲ್ಲ, ಜಾಕು ಕೂಡ ಹಿಡಿಯುತ್ತಿರಲಿಲ್ಲ. ಶಾಸ್ತ್ರಕ್ಕೆಂದು ಉಟ್ಟ ರೇಷ್ಮೆ ಪಂಚೆಯಲ್ಲಿ ಭಾವ ಹೊಟ್ಟೆ ಅಡಿಯಾಗಿ ಮಲಗಿ, ಕೆನ್ನೆಯನ್ನು ಟಾರಿಗೆ ಒತ್ತಿ, ಒಂದೊಂದೇ ಬಳ್ಳಿ ಎಳೆಯುತ್ತಿದ್ದ. ನಾನು ಕಾರು ನಿಲ್ಲಿಸಿ ಇಳಿದು ನೋಡುತ್ತ ನಿಂತೆ. ಸುಳ್ಳು ಯಾಕೆ, ಹೊಟ್ಟೆ ತಣ್ಣಗಾಯಿತು.

"ನಿಂತ್ ನೋಡ್ತೀಯಲ್ಲ, ಒಂದ್ ಕೈ ಆಕು" ಅಂದ, ತಲೆ ಎತ್ತದೆ.

"ಟೈರ್ ಸಕತ್ತಾಗದೆ ಭಾವ" ಅಂದೆ.

ಅಕ್ಕ ಅಲ್ಲೇ ಹುಣಸೆ ಮರದ ನೆರಳಲ್ಲಿ ಕೂತಿದ್ದಳು. ಮಗುವಿಗೆ ತಂದ ಬೆಳ್ಳಿ ಬಟ್ಟಲು ಮಡಿಲಲ್ಲಿತ್ತು. ಗಂಡನನ್ನು ನೋಡಿದಳು, ನನ್ನ ಕಾರನ್ನು ನೋಡಿದಳು. ಎದ್ದು ಬಂದಳು. ಪಕ್ಕದ ಸೀಟಿಗೆ ಬರುತ್ತಾಳೆ ಅಂದುಕೊಂಡು ನಾನು ಆ ಬಾಗಿಲು ತೆಗೆದೆ. ಅವಳು ಬಟ್ಟಲನ್ನು ನನ್ನ ಕೈಗೆ ಕೊಟ್ಟು, "ನೀನೇ ಅಲ್ಲಿ ಕೂತ್ಕೊ" ಅಂದಳು. ಸುತ್ತಿಕೊಂಡು ಹೋಗಿ ಸ್ಟೀರಿಂಗಿನ ಹಿಂದೆ ಕೂತಳು.

ಭಾವನ ಕಾರನ್ನು ಬಳಸಿ ಹೋಗಲು ಎಡಕ್ಕೆ ಪೂರ್ತಿ ತಿರುಗಿಸಬೇಕಿತ್ತು. ನಾನು ಅವಳ ಮಣಿಕಟ್ಟನ್ನೇ ನೋಡಿದೆ. ಕಾರು ನಿಧಾನ ಉರುಳಿತು, ಬಲಗೈ ಕೆಳಗಿಂದ ಮೇಲಕ್ಕೆ ಒಂದೇ ಸಲಕ್ಕೆ ಹೋಯಿತು. ಎಲ್ಲೂ ಉಜ್ಜಲಿಲ್ಲ, ಕರಕರ ಅನ್ನಲಿಲ್ಲ. ಅಡಿಯಲ್ಲಿ ಹುರುಳಿ ಚಟಚಟ ಒಡೆಯುವ ಸದ್ದು ಮಾತ್ರ. ಆದರೆ ಭಾವನ ಕಾಲು ಇನ್ನೂ ನಮ್ಮ ದಾರಿಗೆ ಚಾಚಿಕೊಂಡೇ ಇತ್ತು.

ಅಕ್ಕ ಹಾರ್ನ್ ಒತ್ತಿದಳು.

ಅವನು ಬೆಚ್ಚಿ ತಲೆ ಎತ್ತಿದ. ಕೂದಲ ತುಂಬ ಹುರುಳಿ ಸಿಪ್ಪೆ. ಓಡಿಸುತ್ತಿರುವವರು ಯಾರು ಅಂತ ಅವನಿಗೆ ಕಾಣಲಿ ಅಂತಲೇ ಏನೋ, ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ಇನ್ನೊಂದು ಸಲ ಹಾರ್ನ್ ಒತ್ತಿದಳು. ಭಾವ ಎದ್ದು, ಪಂಚೆ ಮೇಲೆತ್ತಿಕೊಂಡು, ಚರಂಡಿಯ ಅಂಚಿಗೆ ಸರಿದು ನಿಂತು, ಹೆಂಡತಿಗೆ ದಾರಿ ಬಿಟ್ಟ.